ಆಹಾರ ಅಲರ್ಜಿ: ಜನಜಾಗೃತಿ ಅಭಿಯಾನವೊಂದನ್ನು ರೂಪಿಸುವ ಬಗೆ

ಆಹಾರ ಅಲರ್ಜಿ ಇರುವವರಿಗೆ ಅವರ ಅಲರ್ಜಿಯ ವಿಷಯವನ್ನು ಬೇರೆಯವರು ಹೇಳಿಕೊಡಬೇಕಾದ ಸಂದರ್ಭ ಕಡಿಮೆ. ಯಾವ ಪದಾರ್ಥ ತಮಗೆ ಒಗ್ಗುವುದಿಲ್ಲ, ಅದು ಯಾವ ಯಾವ ತಿನಿಸಿನಲ್ಲಿ ಅಡಗಿರುತ್ತದೆ, ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅದಕ್ಕೆ ಎಷ್ಟು ಹೆಸರುಗಳಿವೆ ಎಂಬುದನ್ನೆಲ್ಲ ಅವರೂ ಅವರ ಮನೆಯವರೂ ಅನುಭವದಿಂದ ಕಲಿತಿರುತ್ತಾರೆ. ಇಷ್ಟೆಲ್ಲ ಎಚ್ಚರವಿದ್ದೂ ಅಪಾಯ ಎದುರಾಗುವುದು ಬೇರೆಯವರು ಅಡುಗೆ ಮಾಡಿದಾಗ, ಬೇರೆಯವರು ಬಡಿಸಿದಾಗ, ಬೇರೆಯವರು ಪ್ರೀತಿಯಿಂದ ಒತ್ತಾಯಿಸಿದಾಗ. ಆದ್ದರಿಂದ ಈ ಬಗೆಯ ಅಭಿಯಾನದ ನಿಜವಾದ ಶ್ರೋತೃಗಳು ಸೌಟು ಹಿಡಿದವರು ಎಂಬ ತೀರ್ಮಾನದಿಂದಲೇ ಕೆಲಸವನ್ನು ಆರಂಭಿಸುವುದು ಒಳ್ಳೆಯದು. ಕೆಲವು ಪೋಷಕರು, ಒಬ್ಬಿಬ್ಬರು ಶಿಕ್ಷಕರು, ಸಮಯ ಕೊಡಲು ಒಪ್ಪಿದ ಒಬ್ಬ ವೈದ್ಯರು ಸೇರಿ, ಕಡಿಮೆ ಹಣದಲ್ಲಿ, ಕೆಲವು ತಿಂಗಳ ಅವಧಿಯಲ್ಲಿ ನಡೆಸಬಹುದಾದ ಅಭಿಯಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ವಿಷಯ ಸ್ಪಷ್ಟವಾಗಲಿ

ಅಭಿಯಾನದ ತಂಡದವರಲ್ಲಿಯೇ ಅಲರ್ಜಿಯ ಬಗ್ಗೆ ಗೊಂದಲವಿದ್ದರೆ ಅದು ಪ್ರತಿಯೊಂದು ಕರಪತ್ರದಲ್ಲಿಯೂ ಇಣುಕುತ್ತದೆ. ಆಹಾರದಲ್ಲಿರುವ ಒಂದು ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಅಪಾಯಕಾರಿ ಎಂದು ತಪ್ಪಾಗಿ ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಂಡಿರುತ್ತದೆ. ಮುಂದೆ ಅದೇ ಪ್ರೋಟೀನು ದೇಹವನ್ನು ಸೇರಿದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗಿ, ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ದದ್ದು, ಬಾವು, ವಾಂತಿ, ಕೆಮ್ಮು, ಉಬ್ಬಸ ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಉಸಿರಾಟಕ್ಕೆ ಅಥವಾ ರಕ್ತಪರಿಚಲನೆಗೆ ಧಕ್ಕೆಯಾಗುವಷ್ಟು ತೀವ್ರವಾದ ಪ್ರತಿಕ್ರಿಯೆಗೆ ಅನಫಿಲ್ಯಾಕ್ಸಿಸ್ ಎಂದು ಹೆಸರು. 1902ರಲ್ಲಿ ಈ ಹೆಸರನ್ನಿಟ್ಟ ಫ್ರಾನ್ಸಿನ ಶಾರ್ಲ್ ರಿಶೆ ಅವರಿಗೆ ಅದೇ ಅಧ್ಯಯನಕ್ಕಾಗಿ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅಂದರೆ ವೈದ್ಯವಿಜ್ಞಾನಕ್ಕೆ ಇದು ನೂರು ವರ್ಷಕ್ಕೂ ಹೆಚ್ಚು ಹಳೆಯ ಪರಿಚಯ. ಹೀಗಿದ್ದೂ ಇದನ್ನು ಈ ಕಾಲದ ಮಕ್ಕಳ ನಾಜೂಕುತನವೆಂದು ತಳ್ಳಿಹಾಕುವ ಮಾತು ಎಲ್ಲೆಡೆ ಕೇಳಿಬರುತ್ತದೆ.

ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲಾಗದ ಲ್ಯಾಕ್ಟೋಸ್ ಅಸಹಿಷ್ಣುತೆ ಬೇರೆ, ಹಾಲಿನ ಪ್ರೋಟೀನಿಗೆ ಇರುವ ಅಲರ್ಜಿ ಬೇರೆ. ಮೊದಲನೆಯದರಲ್ಲಿ ಹೊಟ್ಟೆಯುಬ್ಬರ, ಭೇದಿ ಉಂಟಾಗಿ ತೊಂದರೆಯಾಗುತ್ತದೆಯಾದರೂ ಸ್ವಲ್ಪ ಪ್ರಮಾಣದ ಹಾಲನ್ನು ಹಲವರು ತಾಳಿಕೊಳ್ಳುತ್ತಾರೆ. ಎರಡನೆಯದರಲ್ಲಿ ಚಮಚಕ್ಕೆ ಅಂಟಿದಷ್ಟು ಹಾಲೂ ಕೆಲವರಿಗೆ ಪ್ರಾಣಾಪಾಯ ತರಬಲ್ಲದು. ಗೋಧಿ ಮೊದಲಾದ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಸಣ್ಣಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಈ ಎರಡಕ್ಕೂ ಸೇರದ ಮೂರನೆಯ ಸಂಗತಿ. ಅಡುಗೆಯವರಿಗೆ ಈ ಹೆಸರುಗಳೆಲ್ಲ ಬೇಕಾಗಿಲ್ಲ. ಆದರೆ ‘ಸ್ವಲ್ಪ ಬಿದ್ದರೆ ಏನೂ ಆಗುವುದಿಲ್ಲ’ ಎಂಬ ಮಾತು ಒಬ್ಬರ ವಿಷಯದಲ್ಲಿ ಸರಿಯಾಗಿ, ಇನ್ನೊಬ್ಬರ ವಿಷಯದಲ್ಲಿ ಮಾರಕವಾಗಬಹುದು ಎಂಬುದು ಅವರಿಗೆ ತಿಳಿದಿರಲೇಬೇಕು.

ಬರೆಯುವ ಮುನ್ನ ಕೇಳಿಸಿಕೊಳ್ಳಿ

ಘೋಷವಾಕ್ಯ, ಲಾಂಛನ, ಬಣ್ಣ ಇವುಗಳ ಚರ್ಚೆಯನ್ನು ಬದಿಗಿಟ್ಟು, ಅಲರ್ಜಿಯೊಡನೆ ಬದುಕುತ್ತಿರುವ ಹತ್ತು ಹನ್ನೆರಡು ಕುಟುಂಬಗಳೊಡನೆ ಸಾವಧಾನವಾಗಿ ಮಾತನಾಡಿ. ‘ನಿಮಗೆ ಏನು ಬೇಕು’ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಅಸ್ಪಷ್ಟವಾಗಿರುತ್ತದೆ. ಅದರ ಬದಲು, ಸ್ವಲ್ಪದರಲ್ಲಿ ಪಾರಾದ ಒಂದು ಸಂದರ್ಭವನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ಕೇಳಿ: ಎಲ್ಲಿ ಊಟ ಮಾಡಿದಿರಿ, ಯಾರನ್ನು ವಿಚಾರಿಸಿದಿರಿ, ಅವರು ಯಾವ ಪದಗಳಲ್ಲಿ ಉತ್ತರಿಸಿದರು, ಮೊದಲ ಲಕ್ಷಣ ಕಂಡಾಗ ಜೊತೆಗಿದ್ದವರು ಏನು ಮಾಡಿದರು. ಇಂತಹ ಕಥನಗಳನ್ನು ಒಟ್ಟಿಗೆ ಇಟ್ಟು ಓದಿದಾಗ, ಪ್ರತಿಯೊಂದರಲ್ಲಿಯೂ ತಪ್ಪು ನುಸುಳಿದ ಗಳಿಗೆಯೊಂದು ಕಾಣುತ್ತದೆ. ಒಳಗೆ ಹೋಗಿ ಕೇಳಲು ಬೇಸರಪಟ್ಟ ಒಬ್ಬರು ಊಹೆಯ ಮೇಲೆ ‘ಇಲ್ಲ, ಇಲ್ಲ, ಅದೇನೂ ಹಾಕಿಲ್ಲ’ ಎಂದದ್ದು, ಬೀಜವನ್ನು ಆರಿಸಿ ತೆಗೆದು ಅದೇ ತಟ್ಟೆಯನ್ನು ಮರಳಿ ತಂದಿಟ್ಟದ್ದು, ಒಂದೇ ಎಣ್ಣೆಯಲ್ಲಿ ಎರಡು ಪದಾರ್ಥ ಕರಿದದ್ದು, ಒಬ್ಬರ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯಕ್ಕೆ ಒಂದು ತುತ್ತು ತಿಂದದ್ದು ಇವೆಲ್ಲ ಆ ಗಳಿಗೆಗಳು. ಅಭಿಯಾನ ಕೈಹಾಕಬೇಕಾದದ್ದು ಇವುಗಳಲ್ಲಿ ಯಾವುದಾದರೂ ಒಂದಕ್ಕೆ.

ಹದಿಹರೆಯದವರನ್ನು ಅವರ ತಂದೆತಾಯಿಯರಿಂದ ಪ್ರತ್ಯೇಕವಾಗಿ ಮಾತನಾಡಿಸುವುದು ಅಗತ್ಯ. ಆಹಾರದಿಂದ ಉಂಟಾಗುವ ಮಾರಣಾಂತಿಕ ಪ್ರತಿಕ್ರಿಯೆಗಳ ಅಪಾಯ ಹದಿಹರೆಯದವರಲ್ಲಿ ಮತ್ತು ತರುಣರಲ್ಲಿ ಹೆಚ್ಚೆಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಗೆಳೆಯರ ನಡುವೆ ಬೇರೆಯಾಗಿ ಕಾಣಬಾರದೆಂಬ ಹಂಬಲದಲ್ಲಿ ಔಷಧವನ್ನು ಮನೆಯಲ್ಲೇ ಬಿಟ್ಟುಹೋಗುವುದು, ಪದಾರ್ಥದ ಬಗ್ಗೆ ವಿಚಾರಿಸಲು ನಾಚುವುದು ಈ ವಯಸ್ಸಿಗೆ ಸಹಜ. ಇದನ್ನು ಅವರು ಪೋಷಕರೆದುರು ಹೇಳಿಕೊಳ್ಳಲಾರರು.

ಒಂದು ಗುಂಪು, ಒಂದು ಕೋರಿಕೆ

ಎಲ್ಲರಿಗೂ ಎಲ್ಲವನ್ನೂ ತಿಳಿಸಹೊರಟ ಅಭಿಯಾನದಿಂದ ಯಾರ ನಡವಳಿಕೆಯೂ ಬದಲಾಗುವುದಿಲ್ಲ. ಊಟ ಬಡಿಸುವ ಸಿಬ್ಬಂದಿ, ಶಾಲೆಯ ಶಿಕ್ಷಕರು, ಬಂಧುಬಳಗದ ಹಿರಿಯರು, ಸಹಪಾಠಿಗಳು ಇವರಲ್ಲಿ ಒಂದು ಗುಂಪನ್ನು ಆರಿಸಿಕೊಂಡು, ಅವರು ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವನ್ನು ಹೆಸರಿಸಿ. ‘ಅಲರ್ಜಿಯ ಬಗ್ಗೆ ಜಾಗೃತರಾಗಿರಿ’ ಎಂಬುದರಲ್ಲಿ ಕೆಲಸವಿಲ್ಲ. ‘ಅಡುಗೆಮನೆಯಲ್ಲಿ ವಿಚಾರಿಸದೆ ಉತ್ತರಿಸಬೇಡಿ’ ಎಂಬುದರಲ್ಲಿ ಇದೆ.

ಬಡಿಸುವವರಿಗಾಗಿ ನಡೆಸುವ ಅಭಿಯಾನವಾದರೆ ನಾನು ಎಲ್ಲಕ್ಕಿಂತ ಮುಂದೆ ಇಡುವುದು ಒಂದೇ ವಾಕ್ಯವನ್ನು: ‘ನನಗೆ ಗೊತ್ತಿಲ್ಲ, ಕೇಳಿಕೊಂಡು ಬಂದು ಹೇಳುತ್ತೇನೆ.’ ಅಲರ್ಜಿ ಇರುವವರಿಗೆ ಇದಕ್ಕಿಂತ ನೆಮ್ಮದಿ ಕೊಡುವ ಮಾತು ಇನ್ನೊಂದಿಲ್ಲ. ಸುಳ್ಳು ಭರವಸೆಗಿಂತ ಒಪ್ಪಿಕೊಂಡ ಅಜ್ಞಾನ ಅವರ ಪಾಲಿಗೆ ಎಷ್ಟೋ ಸುರಕ್ಷಿತ, ಏಕೆಂದರೆ ‘ಗೊತ್ತಿಲ್ಲ’ ಎಂಬ ಉತ್ತರ ಸಿಕ್ಕಿದರೆ ಅವರು ತಿನ್ನದೆ ಏಳಬಲ್ಲರು. ಆದರೆ ಗಿರಾಕಿಯ ಮುಂದೆ ‘ಗೊತ್ತಿಲ್ಲ’ ಎನ್ನುವುದನ್ನು ಅಸಾಮರ್ಥ್ಯವೆಂದು ಕಾಣುವ ಮಾಲೀಕರಿರುವ ಕಡೆ ಸಿಬ್ಬಂದಿಗೆ ಅದನ್ನು ಹೇಳುವ ಧೈರ್ಯ ಬರುವುದಿಲ್ಲ. ಆದ್ದರಿಂದ ಈ ವಾಕ್ಯವನ್ನು ಮೊದಲು ಮಾಲೀಕರಿಗೆ ಮನದಟ್ಟು ಮಾಡಿಸಿ, ಅವರ ಅನುಮತಿಯ ಮಾತಿನೊಡನೆಯೇ ಅದು ಸಿಬ್ಬಂದಿಯನ್ನು ತಲುಪುವಂತೆ ಮಾಡಬೇಕು.

ಶಾಲೆಯಲ್ಲಾದರೆ ಕೋರಿಕೆ ಬೇರೆ. ಊಟದ ನಂತರ ಮಕ್ಕಳು ಸೋಪು ಹಚ್ಚಿ ಕೈ ತೊಳೆಯುವುದು ಅಂತಹ ಒಂದು ಸಣ್ಣ ಅಭ್ಯಾಸ. ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಕಡಲೆಕಾಯಿಯ ಪ್ರೋಟೀನನ್ನು ಕೈಯಿಂದ ತೆಗೆಯುವುದಿಲ್ಲ. ಸೋಪು ನೀರು ತೆಗೆಯುತ್ತದೆ. ಇದಕ್ಕೆ ಕಾರಣವನ್ನೂ ಸೇರಿಸಿ ಹೇಳಿದರೆ ಮಕ್ಕಳು ಚೆನ್ನಾಗಿ ನೆನಪಿಡುತ್ತಾರೆ. ಬಂಧುಬಳಗದವರಿಗಾದರೆ, ಒಮ್ಮೆ ಬೇಡವೆಂದವರಿಗೆ ಎರಡನೆಯ ಸಲ ಒತ್ತಾಯಿಸಬೇಡಿ ಎಂಬುದಷ್ಟೇ ಸಾಕು.

ಕೋರಿಕೆಯನ್ನು ಅಂತಿಮಗೊಳಿಸುವ ಮುನ್ನ, ಜನ ಅದನ್ನು ಪಾಲಿಸಲು ಯಾವ ಅಡ್ಡದಾರಿ ಹಿಡಿಯಬಹುದು ಎಂದು ಯೋಚಿಸಿ. ಅಮೆರಿಕದಲ್ಲಿ ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು 2021ರ ಕಾನೂನು ಘೋಷಿಸಿತು. 2023ರ ಜನವರಿ 1ರಿಂದ ಅದು ಜಾರಿಗೆ ಬರುವ ಹೊತ್ತಿಗೆ ಕೆಲವು ತಯಾರಕರು, ಎಳ್ಳು ಬೆರೆಯದಂತೆ ಯಂತ್ರಗಳನ್ನು ಶುಚಿಯಾಗಿಡುವ ಕಷ್ಟವನ್ನು ತಪ್ಪಿಸಿಕೊಳ್ಳಲು, ಮೊದಲು ಎಳ್ಳಿಲ್ಲದಿದ್ದ ತಿನಿಸುಗಳಿಗೂ ಉದ್ದೇಶಪೂರ್ವಕವಾಗಿ ಎಳ್ಳಿನ ಅಂಶ ಸೇರಿಸಿ ಲೇಬಲ್ಲಿನಲ್ಲಿ ಹಾಗೆಯೇ ನಮೂದಿಸಿದರು. ಕಾನೂನು ಪಾಲನೆಯಾಯಿತು, ಎಳ್ಳಿನ ಅಲರ್ಜಿ ಇರುವವರ ಆಯ್ಕೆ ಮಾತ್ರ ಇನ್ನಷ್ಟು ಕುಗ್ಗಿತು. ನಿಮ್ಮ ಅಭಿಯಾನದ ಒತ್ತಡಕ್ಕೆ ಹೆದರಿ ಉಪಾಹಾರ ಗೃಹವೊಂದು ಎಲ್ಲ ತಿನಿಸಿನ ಮುಂದೆಯೂ ‘ಎಲ್ಲವೂ ಇರಬಹುದು’ ಎಂದು ಬರೆದು ಕೈತೊಳೆದುಕೊಂಡರೆ, ಅಥವಾ ಅಲರ್ಜಿ ಇರುವ ಮಗುವನ್ನು ಶಾಲೆಯವರು ಪ್ರವಾಸದಿಂದಲೇ ಹೊರಗಿಟ್ಟರೆ ಆಗುವುದೂ ಇದೇ. ‘ಮಗುವನ್ನು ಜೊತೆಗೆ ಕರೆದೊಯ್ಯುವುದಕ್ಕಾಗಿ ಈ ವ್ಯವಸ್ಥೆ ಮಾಡಿ’ ಎಂದು ಉದ್ದೇಶವನ್ನೂ ಕೋರಿಕೆಯೊಳಗೇ ಸೇರಿಸಿ ಹೇಳುವುದರಿಂದ ಈ ಅನರ್ಥವನ್ನು ತಕ್ಕಮಟ್ಟಿಗೆ ತಡೆಯಬಹುದು.

ಸ್ಪಷ್ಟವಾದ ಒಂದೇ ಬೇಡಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. ಪದಾರ್ಥಗಳ ವಿವರವಿಲ್ಲದ ಪೊಟ್ಟಣದಲ್ಲಿದ್ದ ಬ್ರೆಡ್ಡಿನೊಳಗಿನ ಎಳ್ಳಿನಿಂದ 2016ರಲ್ಲಿ ಒಬ್ಬ ಹುಡುಗಿ ತೀರಿಕೊಂಡ ನಂತರ ಆಕೆಯ ತಂದೆತಾಯಿ ಕೇಳಿದ್ದು, ಮಾರುವ ಜಾಗದಲ್ಲೇ ತಯಾರಿಸಿ ಪೊಟ್ಟಣ ಕಟ್ಟಿದ ತಿನಿಸಿನ ಮೇಲೂ ಎಲ್ಲ ಪದಾರ್ಥಗಳ ಪಟ್ಟಿ ಇರಬೇಕು ಎಂಬ ಒಂದು ಮಾತನ್ನು. ಆ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಪದಗಳ ಆಯ್ಕೆ

ಕನ್ನಡದಲ್ಲಿ ಅಭಿಯಾನ ನಡೆಸುವವರಿಗೆ ಒಂದು ವಿಶೇಷ ತೊಡಕಿದೆ. ‘ನನಗೆ ಹಾಲು ಆಗುವುದಿಲ್ಲ’ ಎಂಬ ವಾಕ್ಯವನ್ನು ರುಚಿ ಸೇರದವರೂ, ಪಥ್ಯದಲ್ಲಿರುವವರೂ, ಅರಗದವರೂ, ಅಲರ್ಜಿ ಇರುವವರೂ ಒಂದೇ ರೀತಿ ಆಡುತ್ತಾರೆ. ‘ಒಗ್ಗುವುದಿಲ್ಲ’, ‘ಸೇರುವುದಿಲ್ಲ’, ‘ನಂಜು’ ಎಂಬ ಮಾತುಗಳೂ ಹಾಗೆಯೇ. ಕೇಳಿಸಿಕೊಂಡವರು ಇವುಗಳಲ್ಲಿ ಹಗುರವಾದ ಅರ್ಥವನ್ನು ಹಿಡಿಯುವ ಸಂಭವವೇ ಹೆಚ್ಚು. ಅಲರ್ಜಿ ಎಂಬ ಪದವೂ ಈಗ ‘ಅವನನ್ನು ಕಂಡರೆ ನನಗೆ ಅಲರ್ಜಿ’ ಎನ್ನುವಷ್ಟು ಸವೆದಿದೆ. ಆದ್ದರಿಂದ ಪದವನ್ನಷ್ಟೇ ನೆಚ್ಚದೆ ಪರಿಣಾಮವನ್ನೂ ಸೇರಿಸಿ ಹೇಳುವ ವಾಕ್ಯವನ್ನು ಜನರ ಬಾಯಿಗೆ ಒದಗಿಸಬೇಕು: ‘ನನಗೆ ಗೋಡಂಬಿಯ ಅಲರ್ಜಿ ಇದೆ. ಸ್ವಲ್ಪ ತಿಂದರೂ ಉಸಿರು ಕಟ್ಟುತ್ತದೆ.’ ಎರಡನೆಯ ವಾಕ್ಯವನ್ನು ಕೇಳಿದವರು ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳುವುದು ಕಷ್ಟ.

ಅಲರ್ಜಿ ಇರುವವರನ್ನು ರೋಗಿ, ಪೀಡಿತ, ನತದೃಷ್ಟ ಎಂದು ಕರೆಯುವುದನ್ನು ಬಿಡಿ. ಅವರು ಓದುತ್ತಾರೆ, ದುಡಿಯುತ್ತಾರೆ, ಪ್ರಯಾಣಿಸುತ್ತಾರೆ. ಊಟದ ವಿಷಯದಲ್ಲಿ ಅವರಿಗೆ ಒಂದು ಖಚಿತ ಮಾಹಿತಿ ಬೇಕು, ಅಷ್ಟೆ. ಚಿತ್ರಗಳ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ. ಊದಿದ ಮುಖ, ಆಸ್ಪತ್ರೆಯ ಹಾಸಿಗೆ, ಅಳುವ ತಾಯಿ ಇವು ಒಂದು ಕ್ಷಣ ಕಣ್ಣು ಸೆಳೆಯುತ್ತವೆಯಾದರೂ, ಏನು ಮಾಡಬೇಕೆಂದು ಹೇಳದ ಭಯ ಜನರನ್ನು ಆ ಮಗುವಿನಿಂದ ದೂರ ಸರಿಸುತ್ತದೆ. ಅಲರ್ಜಿಯ ಕಾರಣಕ್ಕೆ ಸಹಪಾಠಿಗಳು ಛೇಡಿಸುವುದು, ಬೇಕೆಂದೇ ಆ ಪದಾರ್ಥವನ್ನು ಮುಖದ ಮುಂದೆ ಹಿಡಿಯುವುದು ಈಗಾಗಲೇ ಅನೇಕ ಮಕ್ಕಳ ನಿತ್ಯದ ಸಂಕಟ. ಮಗುವನ್ನು ವಿಚಿತ್ರವೆಂಬಂತೆ ತೋರಿಸುವ ಚಿತ್ರ ಆ ಛೇಡಿಕೆಗೆ ಇನ್ನೊಂದು ನೆಪವಾಗಬಾರದು. ಎಲ್ಲರೊಡನೆ ಕುಳಿತು ಊಟ ಮಾಡುತ್ತಿರುವ ಮಗು, ಪಕ್ಕದಲ್ಲಿ ಪದಾರ್ಥಗಳ ಪಟ್ಟಿಯನ್ನು ಓದುತ್ತಿರುವ ಅಡುಗೆಯವರು ಇರುವ ಚಿತ್ರ ಹೆಚ್ಚು ಕೆಲಸ ಮಾಡುತ್ತದೆ.

ಅಂಕಿಗಳು ಮತ್ತು ಬದಲಾಗುವ ಸಲಹೆಗಳು

ದೊಡ್ಡ ಸಂಖ್ಯೆ ಹೇಳಿದರೆ ಜನ ಗಮನಿಸುತ್ತಾರೆಂಬ ಆಸೆಗೆ ಬೀಳಬಾರದು. ಅಮೆರಿಕದ 40,000ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ತಮಗೆ ಆಹಾರ ಅಲರ್ಜಿ ಇದೆಯೆಂದವರು ಶೇ 19ರಷ್ಟು. ಅವರು ಹೇಳಿದ ಲಕ್ಷಣಗಳನ್ನು ಪರಿಶೀಲಿಸಿದಾಗ ಅಲರ್ಜಿಗೆ ಹೊಂದುವಂತಿದ್ದವರು ಶೇ 10.8ರಷ್ಟು ಮಾತ್ರ. ಕರಪತ್ರದಲ್ಲಿ ಮೊದಲ ಅಂಕಿಯನ್ನು ಅಚ್ಚು ಹಾಕಿಸಿದ ದಿನವೇ ಪರಿಣತರ ವಿಶ್ವಾಸವನ್ನು ನೀವು ಕಳೆದುಕೊಳ್ಳುತ್ತೀರಿ. ಅದೇ ಸಮೀಕ್ಷೆಯ ಇನ್ನೊಂದು ಅಂಶ ನಿಮಗೆ ಹೆಚ್ಚು ಉಪಯುಕ್ತ: ಅಲರ್ಜಿ ಇದ್ದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕನಿಷ್ಠ ಒಂದು ಅಲರ್ಜಿ ದೊಡ್ಡವರಾದ ಮೇಲೆ ಶುರುವಾಗಿತ್ತು. ‘ಇಷ್ಟು ವರ್ಷ ತಿಂದಿದ್ದೀಯಲ್ಲ, ಈಗೇನಾಯಿತು’ ಎಂದು ಕೇಳುವವರಿಗೆ ಇದು ನೇರವಾದ ಉತ್ತರ.

ವೈದ್ಯಕೀಯ ಸಲಹೆಗಳು ಬದಲಾಗುತ್ತವೆ ಎಂಬುದನ್ನೂ ನೆನಪಿಡಬೇಕು. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿ, ಆಧಾರ ಸಾಲದೆಂದು 2008ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಪೈಕಿ ಕಡಲೆಕಾಯಿಯಿಂದ ದೂರವಿಟ್ಟವರಲ್ಲಿ ಐದನೆಯ ವಯಸ್ಸಿಗೆ ಶೇ 17ರಷ್ಟು ಮಕ್ಕಳಿಗೆ ಅದರ ಅಲರ್ಜಿ ಬಂದಿದ್ದರೆ, ಎಳವೆಯಲ್ಲೇ ನಿಯಮಿತವಾಗಿ ತಿನ್ನಿಸಿದವರಲ್ಲಿ ಅದು ಶೇ 3ರಷ್ಟಿತ್ತು. ಹಳೆಯ ಸಲಹೆಗೆ ಪೂರ್ತಿ ವಿರುದ್ಧವಾದ ಫಲಿತಾಂಶವಿದು. ಆದರೆ ಇದು ಅಲರ್ಜಿ ಬರದಂತೆ ತಡೆಯುವ ವಿಷಯವೇ ಹೊರತು ಬಂದಿರುವ ಅಲರ್ಜಿಗೆ ಚಿಕಿತ್ಸೆಯಲ್ಲ. ಇದನ್ನು ತಪ್ಪಾಗಿ ಓದಿಕೊಂಡು ಅಲರ್ಜಿ ಇರುವ ಮಗುವಿಗೆ ಮನೆಯಲ್ಲಿ ‘ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸುವ’ ಸಾಹಸಕ್ಕೆ ಯಾರೂ ಇಳಿಯದಂತೆ ಬರವಣಿಗೆ ಸ್ಪಷ್ಟವಾಗಿರಲಿ. ಪ್ರತಿಯೊಂದು ಕರಪತ್ರದ ಕೆಳಗೂ ಅದನ್ನು ವೈದ್ಯರು ಪರಿಶೀಲಿಸಿದ ತಿಂಗಳು, ವರ್ಷವನ್ನು ಅಚ್ಚು ಹಾಕಿಸಿ.

ಲೇಬಲ್ಲಿನ ನಿಯಮಗಳೂ ದೇಶದಿಂದ ದೇಶಕ್ಕೆ ಬೇರೆ. ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿಕಾರಕಗಳು ಐರೋಪ್ಯ ಒಕ್ಕೂಟದಲ್ಲಿ 14, ಅಮೆರಿಕದಲ್ಲಿ 9. ಇನ್ನೊಂದು ದೇಶದ ಫಲಕವನ್ನು ಅನುವಾದಿಸಿ ಹಂಚುವವರು ಮೊದಲು ತಮ್ಮಲ್ಲಿನ ಪಟ್ಟಿಯನ್ನು ನೋಡಬೇಕು. ‘ಇರಬಹುದು’ ಎಂಬ ಮುನ್ನೆಚ್ಚರಿಕೆಯ ಸಾಲು ಬಹಳಷ್ಟು ದೇಶಗಳಲ್ಲಿ ತಯಾರಕರ ಇಚ್ಛೆಗೆ ಬಿಟ್ಟದ್ದು. ಆ ಸಾಲು ಇಲ್ಲವೆಂಬ ಮಾತ್ರಕ್ಕೆ ತಿನಿಸು ಸುರಕ್ಷಿತವೆಂದು ತಿಳಿಯುವಂತಿಲ್ಲ.

ತುರ್ತಿನ ಫಲಕ

ಅಭಿಯಾನದ ಎಲ್ಲ ಸಾಮಗ್ರಿಗಳಲ್ಲಿ ಅತ್ಯಂತ ಎಚ್ಚರದಿಂದ ತಯಾರಿಸಬೇಕಾದದ್ದು ಇದು. ಗಾಬರಿಯಲ್ಲಿರುವವರು, ಬೆಳಕು ಸಾಲದ ಕಡೆ, ಮೂರು ಹೆಜ್ಜೆ ದೂರದಿಂದ ಓದುವಂತಿರಬೇಕು. ಅಲರ್ಜಿ ಇರುವವರು ತಿಂದ ಸ್ವಲ್ಪ ಹೊತ್ತಿನಲ್ಲಿ ಉಸಿರಾಡಲು ಕಷ್ಟ, ಬಿಡದ ಕೆಮ್ಮು, ಗಂಟಲು ಬಿಗಿತ, ಧ್ವನಿ ಬದಲಾವಣೆ, ನಾಲಗೆಯ ಬಾವು, ತಲೆಸುತ್ತು, ಕುಸಿದು ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ಅನಫಿಲ್ಯಾಕ್ಸಿಸ್ ಎಂದೇ ಭಾವಿಸಬೇಕು. ಚರ್ಮದ ಮೇಲೆ ದದ್ದು ಕಾಣದಿದ್ದರೂ ಅದು ಅನಫಿಲ್ಯಾಕ್ಸಿಸ್ ಆಗಿರಬಹುದು ಎಂಬುದನ್ನು ಸೇರಿಸಲು ಮರೆಯಬೇಡಿ, ಏಕೆಂದರೆ ಜನ ದದ್ದಿಗಾಗಿ ಕಾಯುತ್ತಾರೆ.

ಮೊದಲ ಔಷಧ ಅಡ್ರಿನಲಿನ್. ಅವರಿಗೆ ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಪೆನ್ನು, ಅಂದರೆ ಔಷಧವನ್ನು ಮೊದಲೇ ತುಂಬಿಟ್ಟ, ಒತ್ತಿದರೆ ಚುಚ್ಚಿಕೊಳ್ಳುವ ಸಾಧನ, ಜೊತೆಗಿದ್ದರೆ ತೊಡೆಯ ಹೊರಬದಿಯ ನಡುಭಾಗಕ್ಕೆ ತಕ್ಷಣ ಚುಚ್ಚಿ, ಆಂಬುಲೆನ್ಸನ್ನು ಕರೆಯಬೇಕು. ದದ್ದು, ತುರಿಕೆಗಳನ್ನು ತಗ್ಗಿಸುವ ಅಲರ್ಜಿ ಮಾತ್ರೆಗಳು ಕಟ್ಟಿದ ಉಸಿರನ್ನಾಗಲಿ ಕುಸಿದ ರಕ್ತದೊತ್ತಡವನ್ನಾಗಲಿ ಸರಿಪಡಿಸುವುದಿಲ್ಲ. ಮಾತ್ರೆ ಕೊಟ್ಟು ಕಾದು ನೋಡುವುದರಲ್ಲಿ ಕಳೆದ ಸಮಯ ಹಲವರ ಪ್ರಾಣಕ್ಕೆ ಎರವಾಗಿದೆ. ವ್ಯಕ್ತಿಯನ್ನು ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರಿಸಿ ಇಡಬೇಕು. ಉಸಿರಾಟದ ತೊಂದರೆ ಹೆಚ್ಚಿದ್ದರೆ ಕಾಲು ಚಾಚಿ ಕುಳಿತಿರಲಿ. ವಾಂತಿಯಾಗುತ್ತಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಗಾಳಿಗೆಂದು ಎಬ್ಬಿಸಿ ನಡೆಸುವುದು ಅಪಾಯಕರ, ಏಕೆಂದರೆ ಥಟ್ಟನೆ ಎದ್ದು ನಿಂತಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಸಾವು ಸಂಭವಿಸಬಹುದು. 5ರಿಂದ 15 ನಿಮಿಷಗಳಲ್ಲಿ ಚೇತರಿಕೆ ಕಾಣದಿದ್ದರೆ, ಇನ್ನೊಂದು ಪೆನ್ನಿದ್ದರೆ ಎರಡನೆಯ ಸಲ ಕೊಡಬೇಕಾಗುತ್ತದೆ. ಚೇತರಿಸಿಕೊಂಡವರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ಲಕ್ಷಣಗಳು ಮತ್ತೆ ಮರುಕಳಿಸುವುದುಂಟು.

ಈ ಪೆನ್ನುಗಳು ಅನೇಕ ದೇಶಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಗದ ಕಡೆ ‘ಪೆನ್ನು ಚುಚ್ಚಿ’ ಎಂದು ಬರೆದ ಫಲಕ ವ್ಯರ್ಥ. ಅಡ್ರಿನಲಿನ್ ಚುಚ್ಚುಮದ್ದು ಸದಾ ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನು ಸ್ವತಃ ಹೋಗಿ ಖಚಿತಪಡಿಸಿಕೊಂಡು ಬರೆಯುವುದೇ ಅಲ್ಲಿ ಸರಿಯಾದ ಕ್ರಮ. ಪೆನ್ನು ಸಿಗುವ ಕಡೆಯಾದರೆ, ಸೂಜಿಯಿಲ್ಲದ ಅಭ್ಯಾಸದ ಪೆನ್ನನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ತಮ್ಮದೇ ತೊಡೆಯ ಮೇಲೆ ಒತ್ತಿ ನೋಡಲು ಬಿಡಿ. ಒಂದು ಗಂಟೆಯ ಭಾಷಣಕ್ಕಿಂತ ಈ ಹತ್ತು ಸೆಕೆಂಡುಗಳಲ್ಲಿ ಹೋಗುವ ಅಂಜಿಕೆ ಹೆಚ್ಚು.

ಅಭಿಯಾನದಿಂದಲೇ ಹಾನಿಯಾಗಬಾರದು

ನಿಮ್ಮ ಸಭೆಯಲ್ಲಿ ತಿಂಡಿ ಕೊಡುವುದಾದರೆ ಅದರ ಪದಾರ್ಥಗಳ ಪೂರ್ತಿ ಪಟ್ಟಿ ಮೇಜಿನ ಮೇಲಿರಲಿ. ಮಗುವಿನ ಭಾವಚಿತ್ರವನ್ನಾಗಲಿ ಅನುಭವವನ್ನಾಗಲಿ ಬಳಸುವ ಮುನ್ನ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ ಆ ಮಗುವಿನ ಒಪ್ಪಿಗೆಯೂ ಇರಬೇಕು. ಪ್ರಾಯೋಜಕರ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟಾಗಿರುತ್ತೇನೆ. ರಕ್ತದಲ್ಲಿ ಐಜಿಜಿ ಎಂಬ, ಐಜಿಇಗಿಂತ ಬೇರೆಯಾದ ಪ್ರತಿಕಾಯದ ಪ್ರಮಾಣವನ್ನು ನೋಡಿ ಹತ್ತಾರು ಆಹಾರಗಳು ನಿಮಗೆ ಒಗ್ಗವೆಂದು ಪಟ್ಟಿ ಕೊಡುವ ಪರೀಕ್ಷೆಗಳು ಮಾರುಕಟ್ಟೆಯಲ್ಲಿವೆ. ಆಹಾರ ಅಲರ್ಜಿಯ ನಿರ್ಣಯಕ್ಕೆ ಇವನ್ನು ಬಳಸಬಾರದೆಂದು ಪ್ರಮುಖ ಅಲರ್ಜಿ ವೈದ್ಯರ ಸಂಘಗಳು ಸ್ಪಷ್ಟವಾಗಿ ಹೇಳಿವೆ. ಇಂತಹ ಪಟ್ಟಿಯನ್ನು ನಂಬಿ ಬೆಳೆಯುವ ಮಕ್ಕಳ ಊಟದಿಂದ ಹಾಲು, ಮೊಟ್ಟೆ, ಗೋಧಿಗಳನ್ನೆಲ್ಲ ತೆಗೆದುಹಾಕುವ ಕುಟುಂಬಗಳಿವೆ. ಹಣದ ಅಗತ್ಯ ಎಷ್ಟೇ ಇದ್ದರೂ ಅಂತಹ ಪರೀಕ್ಷೆ ಮಾರುವವರ ಹೆಸರು ನಿಮ್ಮ ಫಲಕದ ಮೇಲೆ ಬರಬಾರದು.

ಫಲವನ್ನು ಅಳೆಯುವುದು

ಎಷ್ಟು ಕರಪತ್ರ ಹಂಚಿದೆವು, ಎಷ್ಟು ಜನ ಬಂದರು ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಅಭಿಯಾನಕ್ಕೆ ಮುಂಚೆ ನಿಮ್ಮ ತಂಡದವರು ಇಪ್ಪತ್ತು ಊಟದ ಜಾಗಗಳಿಗೆ ಸಾಮಾನ್ಯ ಗಿರಾಕಿಗಳಂತೆ ಹೋಗಿ, ‘ಇದರಲ್ಲಿ ಗೋಡಂಬಿ ಇದೆಯೇ’ ಎಂದು ಒಂದೇ ಪ್ರಶ್ನೆಯನ್ನು ಕೇಳಲಿ. ಒಳಗೆ ವಿಚಾರಿಸಿ ಬಂದು ಹೇಳಿದವರು ಎಷ್ಟು, ನಿಂತಲ್ಲೇ ಉತ್ತರಿಸಿದವರು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಅಭಿಯಾನ ಮುಗಿದ ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಅದೇ ಜಾಗಗಳಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಯಾವ ಜಾಗದ ಹೆಸರನ್ನೂ ಬಹಿರಂಗಪಡಿಸದಿರುವುದು ಉತ್ತಮ, ಏಕೆಂದರೆ ಅವಮಾನಕ್ಕೊಳಗಾದವರು ಮುಂದಿನ ತರಬೇತಿಗೆ ಬಾಗಿಲು ತೆರೆಯುವುದಿಲ್ಲ. ಶಾಲೆಗಳಲ್ಲಾದರೆ ಶಿಕ್ಷಕರ ಕೈಗೆ ಅಭ್ಯಾಸದ ಪೆನ್ನನ್ನು ಕೊಟ್ಟು, ಯಾವ ವಿವರಣೆಯನ್ನೂ ನೀಡದೆ ಬಳಸಿ ತೋರಿಸಲು ಕೇಳಬಹುದು.

ಆರು ತಿಂಗಳ ಹೊತ್ತಿಗೆ ಅಂಕಿ ಕುಸಿದಿದ್ದರೆ ಕಾರಣ ಬಹುಮಟ್ಟಿಗೆ ಒಂದೇ: ತರಬೇತಿ ಪಡೆದ ಸಿಬ್ಬಂದಿ ಕೆಲಸ ಬಿಟ್ಟು ಹೊಸಬರು ಬಂದಿರುತ್ತಾರೆ. ಆದ್ದರಿಂದ ಉಳಿದ ಹಣದಲ್ಲಿ ಇನ್ನಷ್ಟು ಫಲಕ ಮಾಡಿಸುವುದಕ್ಕಿಂತ, ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡಬಹುದಾದ ಐದು ನಿಮಿಷದ ಪಾಠವನ್ನು ಸಿದ್ಧಪಡಿಸಿ, ಅದನ್ನು ಹೇಳಿಕೊಡುವ ಹೊಣೆಯನ್ನು ಪ್ರತಿ ಅಡುಗೆಮನೆಯಲ್ಲಿ ಒಬ್ಬ ಹಿರಿಯರಿಗೆ ಹೆಸರು ಹಿಡಿದು ವಹಿಸಿ.